ಎರಡು ಬೆರಳಲ್ಲಿ ಟೈಪ್ ಮಾಡಿದ ಅರ್ಜಿ

"ಇದನ್ನ ನಾನು ಟೈಪ್ ಮಾಡೂದಿಲ್ಲ."

ನರ್ಮದಾ ಕಾಗದವನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದಳು. ಎದುರು ನಿಂತಿದ್ದ ಯುವಕನ ಮುಖ ಕೆಂಪಾಯಿತು.

ಅದು 1959ರ ಮಳೆಗಾಲ. ಹೊನ್ನಾವರದ ಪೇಟೆಯಲ್ಲಿ ವೆಂಕಟ ಮಾಸ್ತರರ ಟೈಪಿಂಗ್ ಕ್ಲಾಸಿತ್ತು. ಊರವರ ಅರ್ಜಿಗಳನ್ನು ಇಂಗ್ಲಿಷಿಗೆ ತಂದು ಟೈಪ್ ಮಾಡಿಕೊಡುವುದು ಅಲ್ಲಿ ನರ್ಮದೆಯ ಕೆಲಸ. ಬಂದವನು ಕುಮಟೆ ಹತ್ತಿರದ ಬಾಡ ಊರಿನ ಮಾಬ್ಲೇಶ್ವರ. ಶರಾವತಿ ದಾಟಿಸುವ ತಾರಿಯಲ್ಲಿ ದುಡಿಯುತ್ತಿದ್ದ. ಮುಂಬಯಿಯ ಒಂದು ಹಡಗು ಕಂಪನಿಗೆ ಅರ್ಜಿ ಹಾಕಲು ಹೊರಟಿದ್ದ.

"ಎಂತಕ್ಕೆ ಅಕ್ಕೋರೆ? ತಪ್ಪಿದ್ಯಾ?"

"ನೀವೇ ಓದಿ ನೋಡಿ. ಬಡವ, ಅಪ್ಪ ಇಲ್ಲದವ, ತಮ್ಮ ಪಾದವೇ ಗತಿ... ಅವ್ರು ಕೆಲಸಕ್ಕೆ ಜನ ಹುಡುಕ್ತಾ ಇದ್ದಾರೆ, ಕನಿಕರ ಪಡೂಕಲ್ಲ. ನಿಮಗೆ ಎಂತ ಬರ್ತದೆ ಅಂತ ಇದ್ರಲ್ಲಿ ಒಂದು ಸಾಲೂ ಇಲ್ಲ."

"ನಂಗೆ ಎಂತ ಬರ್ತದೆ? ಲಾರಿ ತಾರಿಗೆ ಹತ್ಸೂದು, ಇಳ್ಸೂದು. ಅಷ್ಟೇ."

"ಎಷ್ಟು ವರ್ಷ ಆತು?"

"ಐದು ಮಳೆಗಾಲ."

"ಐದು ಮಳೆಗಾಲದಲ್ಲಿ ಎಷ್ಟು ಲಾರಿ ನೀರಿಗೆ ಬಿತ್ತು?"

ಅವನು ಗಾಬರಿಯಿಂದ ನೋಡಿದ. "ಒಂದೂ ಇಲ್ಲ. ಭರತ ಇಳಿತ ನೋಡ್ಕೊಂಡೇ ಬಿಡ್ತೆ ನಾನು."

"ಡ್ರೈವರುಗಳು ಜಗಳ ತೆಗೆದ್ರೆ?"

"ಭಟ್ಕಳದವರ ಹತ್ರ ಉರ್ದು, ಗೋವೆ ಕಡೆಯವರ ಹತ್ರ ಕೊಂಕಣಿ. ಸಮಾಧಾನ ಮಾಡೂದೇ."

ನರ್ಮದಾ ಟೈಪ್‌ರೈಟರಿಗೆ ಹೊಸ ಕಾಗದ ಸೇರಿಸಿದಳು. "ಕೂತ್ಕೊಳ್ಳಿ. ಈಗ ಹೇಳಿದ್ದನ್ನೇ ಬರೀತೆ. ವರ್ಷ, ಕೆಲಸ, ನೀವು ಆಡೂ ಭಾಷೆ. ಸುಳ್ಳೂ ಬೇಡ, ಗೋಗರೆಯೂದೂ ಬೇಡ."

ಒಂದೇ ಪುಟದ ಅರ್ಜಿ ಸಿದ್ಧವಾಯಿತು. ಅವಳು ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಮಾಬ್ಲೇಶ್ವರ ಕಾಗದವನ್ನು ಕೈಗೆ ತೆಗೆದುಕೊಂಡು ಅದರಲ್ಲಿ ತನ್ನ ಹೆಸರು ಹುಡುಕಿದ.

"ಇದು ನಾನೇಯಾ?" ಎಂದ.

ಆ ದನಿ ನರ್ಮದೆಯ ಎದೆಯಲ್ಲಿ ಉಳಿದುಬಿಟ್ಟಿತು.

ಮರುವಾರವೇ ಅವನು ಟೈಪಿಂಗ್ ಕಲಿಯಲು ಸೇರಿದ. ಬೆಳಿಗ್ಗೆ ತಾರಿಗೆ ಹೋಗುವ ಮೊದಲು ಒಂದು ಗಂಟೆ. ದಪ್ಪ ಬೆರಳುಗಳು ಅಕ್ಷರ ತಪ್ಪಿ ಬೀಳುತ್ತಿದ್ದವು. ಅವಳು ನಗುತ್ತಿದ್ದಳು, ಅವನೂ ನಗುತ್ತಿದ್ದ. ಕಾಯಿಲೆಯ ತಾಯಿಯನ್ನು ಬಿಟ್ಟರೆ ಮನೆಯಲ್ಲಿ ಯಾರೂ ಇಲ್ಲದ ನರ್ಮದೆಗೆ ಆ ಒಂದು ಗಂಟೆಗಾಗಿಯೇ ಬೆಳಗಾಗುತ್ತಿತ್ತು.

'ಹೇಳ್ತಾರೆ... ಒಂದಲ್ಲ ಒಂದು ದಿನ ಹೇಳೇ ಹೇಳ್ತಾರೆ...'

ಜನವರಿಯಲ್ಲಿ ಮುಂಬಯಿಯಿಂದ ಕರೆ ಬಂತು. ಕೆಲಸ ಸಿಕ್ಕಿತ್ತು.

ಹೊರಡುವ ಹಿಂದಿನ ದಿನ ಅವನು ಬಂದು ಒಂದು ಕಾಗದವನ್ನು ಅವಳ ಮುಂದಿಟ್ಟ. ನರ್ಮದಾ ಸೆರಗಿಗೆ ಕೈ ಒರೆಸಿ ಅದನ್ನು ಎತ್ತಿಕೊಂಡಳು.

ಬಿಡಿಸಿದರೆ, ಅದು ಅರ್ಜಿ. ಸರಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸಕ್ಕೆ, ಅವಳದೇ ಹೆಸರಿನಲ್ಲಿ.

"ಎಲ್ಲರ ಅರ್ಜಿ ಬರೀತೀರಿ, ನಿಮ್ಮದು ಬರ್ಕೊಳ್ಳೂದೇ ಇಲ್ಲ. ಹಾಗಾಗಿ ನಾನೇ... ಪೂರಾ ಓದಿ ನೋಡಿ."

ಅವಳು ಓದಲಿಲ್ಲ. ಕಾಯುತ್ತಿದ್ದ ಮಾತು ಬಾರದೆ ಈ ಕಾಗದ ಬಂದದ್ದಕ್ಕೆ ಕಣ್ಣು ಉರಿಯಿತು.

"ನಾನು ನಿಮ್ಮ ಹತ್ರ ಕೆಲಸ ಕೇಳಿದ್ನಾ? ಉಪಕಾರ ತೀರಿಸೂಕೆ ಬಂದ್ರಾ? ಮುಂಬಯಿ ನೌಕರಿ ಸಿಕ್ಕಿದ ಮೇಲೆ ನನ್ನ ಕೆಲಸ ನಿಮಗೆ ಕೀಳಾಗಿ ಕಂಡ್ತಾ?"

"ಹಾಗಲ್ಲ ನರ್ಮದಾ... ಕೊನೇವರೆಗೆ ಓದಿದ್ರೆ..."

"ಹೋಗಿ ಬನ್ನಿ."

ಅವನು ಮೆಟ್ಟಿಲಿಳಿದು ಹೋದ. ಅವಳು ಕಾಗದವನ್ನು ಮೇಜಿನ ಖಾನೆಗೆ ತುರುಕಿದಳು.

ಎರಡು ವರ್ಷದ ನಂತರ ವೆಂಕಟ ಮಾಸ್ತರರು ಹಾಸಿಗೆ ಹಿಡಿದರು. ಕ್ಲಾಸು ಮುಚ್ಚಿತು. ಖಾನೆ ಖಾಲಿ ಮಾಡುವಾಗ ಆ ಕಾಗದ ಕೈಗೆ ಸಿಕ್ಕಿತು. ನರ್ಮದಾ ಮೊದಲ ಬಾರಿಗೆ ಅದನ್ನು ಓದಿದಳು.

ಹರುಕುಮುರುಕು ಇಂಗ್ಲಿಷು, ಸಾಲಿಗೆರಡು ತಪ್ಪು. ಎಷ್ಟೋ ಅಕ್ಷರ ಒಂದರ ಮೇಲೊಂದು ಬಿದ್ದಿದ್ದವು. ಎರಡು ಬೆರಳಲ್ಲಿ ಎಷ್ಟು ದಿನ ಕುಟ್ಟಿದ್ದನೋ.

ಮಾಸ್ತರರ ಕ್ಲಾಸಿಗೆ ಸೇರಿದ ಮೂರು ವರ್ಷದಲ್ಲಿ ಇವರು ಒಂದು ದಿನವೂ ತಡವಾಗಿ ಬಂದಿಲ್ಲ ಎಂದಿತ್ತು. ಜ್ವರವಿದ್ದ ದಿನ ಹದಿನೇಳು ಅರ್ಜಿ ಟೈಪ್ ಮಾಡಿದರು, ಒಂದೂ ತಪ್ಪಿರಲಿಲ್ಲ ಎಂದಿತ್ತು. ಎದುರು ಕೂತವನಿಗೆ ತನ್ನ ಯೋಗ್ಯತೆ ತನಗೇ ಗೊತ್ತಿಲ್ಲದಿದ್ದರೆ, ಕೇಳಿ ಕೇಳಿ ಅದನ್ನು ಹೊರಗೆ ತರುತ್ತಾರೆ ಎಂದಿತ್ತು.

ಕೊನೆಯ ಸಾಲು: ತಪ್ಪು ಅಳಿಸುವಾಗ ಇವರು ಉಸಿರು ಬಿಗಿಹಿಡಿಯುತ್ತಾರೆ, ಅಳಿಸಿ ಮುಗಿದ ಮೇಲೆ ತಮ್ಮಷ್ಟಕ್ಕೇ ಸಣ್ಣಗೆ ನಗುತ್ತಾರೆ.

ಇದು ಯಾವ ಸಾಹೇಬರಿಗೆ ಬೇಕಿತ್ತು?

ಖಾಲಿ ಕೋಣೆಯಲ್ಲಿ ಕೂತು ನರ್ಮದಾ ಬಿಕ್ಕಿ ಬಿಕ್ಕಿ ಅತ್ತಳು. 'ಹೇಳಿದ್ರು. ಹೇಳಿಯೇ ಬಿಟ್ಟಿದ್ರು. ನಾನು ಓದ್ಲಿಲ್ಲ...'

ಕೊನೆಯ ಸಾಲೊಂದನ್ನು ಬಿಟ್ಟು ಉಳಿದದ್ದನ್ನು ತಿದ್ದಿ ಟೈಪ್ ಮಾಡಿ ಕುಮಟೆಯ ತಾಲೂಕು ಕಚೇರಿಗೆ ಕಳಿಸಿದಳು. ಕೆಲಸ ಸಿಕ್ಕಿತು. ಮರುವರ್ಷ ಅವಳ ತಾಯಿ ತೀರಿಕೊಂಡರು. ಮಾಬ್ಲೇಶ್ವರನ ಮನೆಯಿದ್ದ ಬಾಡ ಕುಮಟೆಯಿಂದ ನಡೆದು ಹೋಗುವಷ್ಟೇ ದೂರ. ಒಂದು ಭಾನುವಾರ ಅರ್ಧ ದಾರಿ ಹೋಗಿ ತಿರುಗಿ ಬಂದಳು. ಯಾವ ಮುಖ ಹೊತ್ತು ಹೋಗಲಿ? ಅವನಿಗೆ ಮದುವೆಯಾಗಿದ್ದರೆ?

1966ರ ಮಾರ್ಚಿನ ಒಂದು ಮಧ್ಯಾಹ್ನ, ಅವಳ ಮೇಜಿನ ಮುಂದೆ ಯಾರೋ ಬಂದು ನಿಂತರು.

"ಗದ್ದೆ ಪತ್ರದಲ್ಲಿ ತಾಯಿ ಹೆಸರು ತೆಗೀಬೇಕಿತ್ತು. ಹೊನ್ನಮ್ಮ ಅಂತ. ಹೋದ ತಿಂಗಳು ತೀರಿಕೊಂಡ್ರು..."

ಮಾತು ಅಲ್ಲಿಗೇ ನಿಂತಿತು. ಅವಳು ತಲೆಯೆತ್ತಿದಳು. ಮಾಬ್ಲೇಶ್ವರನ ಕಿವಿಯ ಬಳಿ ಕೂದಲು ನರೆತಿತ್ತು.

ಕಚೇರಿ ಬಿಟ್ಟ ಮೇಲೆ ಇಬ್ಬರೂ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಕೂತರು. ಅವಳು ದಿನಾ ಮನೆಗೆ ಹೋಗುವ ಹೊನ್ನಾವರದ ಬಸ್ ನಿಂತಿತ್ತು, ಜನ ಹತ್ತುತ್ತಿದ್ದರು.

"ಅಮ್ಮಂಗೆ ನಿಮ್ಮ ವಿಷಯ ಹೇಳಿದ್ದೆ," ಎಂದ ಅವನು. "ಪ್ರತಿ ಸಲ ಊರಿಗೆ ಬಂದಾಗ್ಲೂ ಕೇಳ್ತಿದ್ರು, ಆ ಟೈಪಿನ ಹುಡುಗಿ ಒಪ್ಪಿದ್ಲಾ ಅಂತ. ಇಲ್ಲ ಅಂತಿದ್ದೆ."

ನರ್ಮದಾ ನೆಲ ನೋಡಿದಳು. "ನಾಲ್ಕು ವರ್ಷದಿಂದ ಇಲ್ಲೇ ಕೆಲಸಕ್ಕೆ ಇದ್ದೆ. ಅವ್ರು ಬದುಕಿದ್ದಾಗ ಒಂದು ಸಲ ಬಂದು ಮಾತಾಡ್ಸಬಹುದಿತ್ತು. ಬರ್ಲಿಲ್ಲ. ಇನ್ನು ಬರೂಕೂ ಆಗೂದಿಲ್ಲ..."

"ನಾನೂ ಒಂದು ಕಾಗದ ಹಾಕ್ಬಹುದಿತ್ತು. ಬೇಡ ಅಂದವರಿಗೆ ಎಂತಕ್ಕೆ ತೊಂದ್ರೆ ಅಂತ ಸುಮ್ಮನಾದೆ."

"ಬೇಡ ಅನ್ಲಿಲ್ಲ ನಾನು. ಓದ್ಲಿಲ್ಲ, ಅಷ್ಟೇ. ಎರಡು ವರ್ಷ ಕಳೆದು ಓದಿದೆ. ಅವತ್ತಿಂದ ನನ್ನ ಮನಸ್ಸಲ್ಲಿ ಬೇರೆ ಯಾರೂ ಇಲ್ಲ."

ಅವನು ಅವಳ ಕಡೆ ತಿರುಗಿದ.

"ನಂಗೂ ಮದುವೆ ಆಗೂಕೆ ಆಗ್ಲಿಲ್ಲ ನರ್ಮದಾ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಂಗೆ ಮೂವತ್ತೊಂದು ಆತು."

"ನಂಗೆ ಮೂವತ್ನಾಲ್ಕು. ಹೀಗೇ ವರ್ಷ ಎಣಿಸ್ತಾ ಕೂತ್ರೆ ನಿಮ್ಮ ಬಸ್ ಹೋಗ್ತದೆ."

ಕಂಡಕ್ಟರ್ ಬಾಗಿಲು ಎಳೆದುಕೊಂಡ. ನರ್ಮದಾ ಕೂತಲ್ಲಿಂದ ಏಳಲಿಲ್ಲ.

"ಹೋಗ್ಲಿ ಬಿಡಿ," ಎಂದಳು ಮೆಲ್ಲಗೆ. "ಆರೂವರೆಗೆ ಇನ್ನೊಂದಿದೆ."