ಅಪ್ಪನಿಗೆ ಹೇಳಿದ ಅಂಕಿ

"ತಪ್ಪು ಅಂತ ಗೊತ್ತಿದ್ದೂ ಮೂರು ವಾರ ಸುಮ್ನಿದ್ರಿ! ಎಲ್ಲಾರ ಮುಂದ ನನ್ನ ಮರ್ಯಾದಿ ಕಳೀಬೇಕಿತ್ತೇನ್ರಿ?"

ಪುಣೆಯ ಒಂದು ಪ್ರಯೋಗಾಲಯದ ಮೆಟ್ಟಿಲ ಮೇಲೆ ಅನುಸೂಯಾ ಕೂಗಿದಳು. ಎದುರಿಗೆ ಬಸವಪ್ರಭು ತಲೆ ತಗ್ಗಿಸಿ ನಿಂತಿದ್ದ. ಎರಡು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತವನು... ಅವಳು ಮನಸ್ಸಿನಲ್ಲೇ ಪ್ರೀತಿಸಿದವನು!

ಬಿಸಿಯಿಂದ ವಿದ್ಯುತ್ ಹುಟ್ಟಿಸುವ ಅರೆವಾಹಕವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹುಡುಕುವುದು ಇಬ್ಬರ ಸಂಶೋಧನೆ. ಅವಳ ಅಪ್ಪ ಹುಸೇನಪ್ಪ ಪುಣೆ ಹತ್ತಿರದ ಕುರಕುಂಭದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬಾಯ್ಲರ್ ಮುಂದೆ ಬೆಂದವನು. "ಇಷ್ಟು ಬಿಸಿ ಸುಮ್ನ ಗಾಳಿಗೆ ಹೋಗ್ತದ, ಏನರ ಮಾಡವ್ವಾ" ಎನ್ನುತ್ತಿದ್ದ.

ಅವನು ಹಾಸಿಗೆ ಹಿಡಿದಾಗ ಅವಳಿಗೆ ಅವಸರವಾಯಿತು. ಲೆಕ್ಕ ಹಾಕುವ ಬಿಂದುಗಳನ್ನು ಕಡಿಮೆ ಮಾಡಿದಳು. ಕಡಿಮೆ ಬಿಂದು, ಬೇಗ ಉತ್ತರ; ಆದರೆ ಉತ್ತರ ತಪ್ಪುವ ಸಂಭವವೂ ಹೆಚ್ಚು. ಎಷ್ಟು ವಿದ್ಯುತ್ ಹುಟ್ಟಬಹುದೆಂದು ಬಂದ ಅಂಕಿ ಎಷ್ಟು ಚೆನ್ನಾಗಿತ್ತೆಂದರೆ, ಹುಚ್ಚು ಹುಡುಗಿ, ತಾನೇ ನಂಬಿಬಿಟ್ಟಳು! ಆಸ್ಪತ್ರೆಗೆ ಓಡಿ ಆ ಅಂಕಿಯನ್ನು ಅಪ್ಪನ ಕಿವಿಯಲ್ಲಿ ಹೇಳಿದಳು. ಹತ್ತು ದಿನಕ್ಕೆ ಅಪ್ಪ ಹೋದ.

ಇಂದು ಸೆಮಿನಾರಿನಲ್ಲಿ ಗೈಡ್ ಅವಳ ಪೇಪರನ್ನು ಪತ್ರಿಕೆಗೆ ಕಳಿಸಲು ಹೊರಟಾಗ ಬಸವಪ್ರಭು ಎದ್ದು ತಡೆದ. ಬಿಂದು ಹೆಚ್ಚಿಸಿ ತಾನು ಮಾಡಿದ ಲೆಕ್ಕವನ್ನು ಪರದೆಗೆ ಹಾಕಿದ. ಅಂಕಿ ಕಾಲು ಭಾಗಕ್ಕೆ ಇಳಿದಿತ್ತು. ಆ ಲೆಕ್ಕದ ದಿನಾಂಕ ಮೂರು ವಾರ ಹಿಂದಿನದು, ಅಪ್ಪ ತೀರಿಕೊಳ್ಳುವ ಎರಡು ದಿನ ಮೊದಲಿನದು!

ಭಾನುವಾರ ಅನುಸೂಯಾ ಕುರಕುಂಭಕ್ಕೆ ಹೋದಳು. ಅವ್ವ ಯಂಕವ್ವ ಬಾಗಿಲಲ್ಲೇ ಕೇಳಿದಳು.

"ಬಸವಪ್ರಭು ಬರಲಿಲ್ಲೇನವ್ವಾ? ಭಾಳ ಚಲೋ ಹುಡುಗ. ಕಡೀ ದಿನ ಆಸ್ಪತ್ರಿಗಿ ಬಂದಿದ್ದ. ನಿಮ್ಮಪ್ಪ, 'ನನ್ನ ಮಗಳು ಮಾಡಿದ್ದು ಖರೇ ಏನಪಾ?' ಅಂತ ಕೇಳ್ದ. 'ಖರೇ ಅದರೀ ಕಾಕಾ' ಅಂದ. ಹೊರಗ ಹೋಗಿ ಗ್ವಾಡಿ ಹಿಡ್ಕೊಂಡು ಅತ್ತ..."

ಅನುಸೂಯಾ ಹೊಸ್ತಿಲ ಮೇಲೇ ಕೂತು ದಿನಗಳ ಲೆಕ್ಕ ಹಾಕಿದಳು. 'ಅವತ್ತಿಗೆ ಅವನಿಗೆ ಗೊತ್ತಿತ್ತು... ಗೊತ್ತಿದ್ದೇ ಹೇಳಿದ!'

ಮರುದಿನ ಬೆಳಿಗ್ಗೆ ಅವನ ಕುರ್ಚಿಯ ಪಕ್ಕ ನಿಂತಳು.

"ಅಪ್ಪಗ ಸುಳ್ಳು ಹೇಳಿದ್ರಿ..."

"ಹೂಂ. ಅವರ ಮುಖ ನೋಡಿ ಖರೇ ಹೇಳ್ಲಿಕ್ಕ ಬಾಯಿ ಬರಲಿಲ್ರಿ."

"ನನಗರ ಹೇಳಬೇಕಿತ್ತು!"

"ಅಪ್ಪನ್ನ ಕಳ್ಕೊಂಡು ಕೂತೋರಿಗೆ ಹೆಂಗ ಹೇಳ್ಲಿ? ನಾಳಿ ಹೇಳಿದ್ರಾತು ಅನ್ಕೋತ ತಡ ಮಾಡಿದೆ. ತಪ್ಪು ನಂದೇ. ನಿಮ್ಮ ಹೆಸರು ಕೆಡಬಾರದು ಅಂತ ಕಡೀಗೆ ಎದ್ದು ನಿಂತೆ. ಅನುಸೂಯಾ... ನೀವಂದ್ರ ನನಗ ಜೀವ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ದಿನ ಅಪ್ಪನಿಗಾಗಿ ಹೀಗೆ ಅಳಲು ಆಗಿರಲೇ ಇಲ್ಲ. ಆಮೇಲೆ ಕುರ್ಚಿ ಎಳೆದು ಅವನ ಪಕ್ಕ ಕೂತಳು.

"ಅಪ್ಪಗ ಹೇಳಿದ್ದನ್ನ ಖರೇ ಮಾಡೂಣು. ಬ್ಯಾರೆ ವಸ್ತು ಹುಡುಕೂಣು. ಎಷ್ಟು ವರ್ಷ ಹಿಡೀತದ?"

"ಗೊತ್ತಿಲ್ರಿ. ಹತ್ತಾದ್ರೂ ಆಗಬಹುದು."

"ಇರ್ತೀರಿ?"

"ಇರ್ತೀನಿ."