ಸೊನ್ನೆ ಪಡೆದ ಮನೆ

"ಈ ಕಲ್ಲಂಗಡಿ ಐದು ಜನಕ್ಕೂ ಸಮನಾಗಿ ಬರಬೇಕು. ಮೊದಲ ಗೆರೆ ಎಲ್ಲಿ ಹಾಕ್ತೀರಿ?" ಎಂದು ಗೋಡೆಯ ಮೇಲಿದ್ದ ಗಣಿತಮಿತ್ರ ಕೇಳಿದ್ದೇ ತಡ, ದಾವಣಗೆರೆಯ ವಿದ್ಯಾನಗರದ ಆ ಮನೆಯಲ್ಲಿ ಜಗಳ ಶುರುವಾಯಿತು. ನಡುವೆ ಸೀಳಿ ಎಂದರು ಅಜ್ಜ. "ಅರ್ಧ ಮಾಡಿದ್ರೆ ಐದು ಪಾಲು ಹೆಂಗ್ ಬರ್ತದೆ ಅಜ್ಜಾ?" ಎಂದು ಮೊಮ್ಮಗಳು ಕುಣಿದಳು. ಅಮ್ಮ ಚಾಕು ಹಿಡಿದುಕೊಂಡೇ ಯೋಚನೆಗೆ ಬಿದ್ದಳು. ಹಣ್ಣು ಸಮನಾಗಿ ಹಂಚಿಕೆಯಾಗಲಿಲ್ಲ, ಆದರೆ ಅಷ್ಟರಲ್ಲಿ ಅಡುಗೆಮನೆಯಲ್ಲೇ ಭಿನ್ನರಾಶಿಯ ಪಾಠವೊಂದು ಮುಗಿದಿತ್ತು.

ಅದು 2058ನೆಯ ಇಸವಿ. ಧಾರವಾಡದ ಪ್ರಯೋಗಾಲಯದಲ್ಲಿ ಡಾ. ನಿವೇದಿತಾ ಸಿರಸಂಗಿ ರೂಪಿಸಿದ ಅಂಗೈಯಗಲದ, ತಟ್ಟೆಯಂಥ ಈ ಯಂತ್ರ ಆಗ ಶಾಲೆಗೆ ಹೋಗುವ ಮಕ್ಕಳಿರುವ ಪ್ರತಿ ಮನೆಗೂ ಬಂದಿತ್ತು. ಅದಕ್ಕೆ ಬ್ಯಾಟರಿ ಇಲ್ಲ, ತಂತಿ ಇಲ್ಲ. ಮೈಮೇಲಿನ ಕೋಶಗಳು ಮನೆಯ ದೀಪದ ಬೆಳಕನ್ನೇ ವಿದ್ಯುತ್ತಾಗಿ ಮಾಡಿಕೊಳ್ಳುತ್ತಿದ್ದವು. ಬೆಳಕಿದ್ದರೆ ಎಚ್ಚರ, ಕತ್ತಲಾದರೆ ನಿದ್ದೆ. ಮನೆಯವರ ಮಾತಿನಲ್ಲಿ ಹೆಚ್ಚು-ಕಡಿಮೆ, ಪಾಲು, ಅಳತೆ, ಅಂದಾಜು ಸುಳಿದಾಗ ಅದು ಗುರುತು ಹಿಡಿದು, ಅಲ್ಲಿಂದಲೇ ಒಂದು ಪ್ರಶ್ನೆ ಎತ್ತಿ ಎಲ್ಲರನ್ನೂ ಲೆಕ್ಕಕ್ಕೆ ಎಳೆಯುತ್ತಿತ್ತು. ಆಡಿದ ಮಾತನ್ನು ಕೂಡಿಡುತ್ತಿರಲಿಲ್ಲ. ಆ ಮನೆಯಲ್ಲಿ ಲೆಕ್ಕದ ಮಾತುಕತೆ ಎಷ್ಟು ನಡೆಯುತ್ತಿದೆ ಎಂಬ ಒಂದೇ ಒಂದು ಸಂಖ್ಯೆಯನ್ನು ತಿಂಗಳಿಗೊಮ್ಮೆ ಶಾಲೆಗೆ ಕಳಿಸುತ್ತಿತ್ತು. ಸಂಖ್ಯೆ ಬರದಿದ್ದರೆ ಆ ಜಾಗ ಖಾಲಿ ಇರಬೇಕು ಎಂಬುದು ನಿವೇದಿತಾ ಮಾಡಿದ್ದ ನಿಯಮ. ಖಾಲಿ ಎಂದರೆ "ಇಲ್ಲಿ ಏನಾಗಿದೆಯೋ ಗೊತ್ತಿಲ್ಲ, ಹೋಗಿ ನೋಡಿ" ಎಂದು ಮೇಷ್ಟರಿಗೆ ಹೇಳಿದ ಹಾಗೆ.

ಹೋಗಿ ನೋಡುವುದೇ! ಇಲಾಖೆಯವರಿಗೆ ಅಂಥ ಅಭ್ಯಾಸ ಯಾವ ಕಾಲದಲ್ಲಿತ್ತು? ನೆರವು ಯಾರಿಗೆ ಬೇಕು ಎಂದು ತಿಳಿಯಲು ಹುಟ್ಟಿದ ಸಂಖ್ಯೆಯನ್ನು ಎರಡೇ ವರ್ಷದಲ್ಲಿ ಅವರು ಪರೀಕ್ಷೆಯ ಅಂಕ ಮಾಡಿಬಿಟ್ಟರು. ಚಿತ್ರದುರ್ಗದ ಗಣಿತ ವಸತಿಶಾಲೆಗೆ ಮಕ್ಕಳನ್ನು ಆರಿಸುವಾಗ ಅರ್ಧ ಅಂಕ ಮಗುವಿನದು, ಇನ್ನರ್ಧ "ಕುಟುಂಬದ ಭಾಗವಹಿಕೆ"ಯದು ಎಂದು ಆದೇಶ ಹೊರಟಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು ಕೆಳಗಿನ ಕಚೇರಿಗಳಲ್ಲಿ ತುಂಬಿರುವಾಗ ಆದೇಶ ಸರಿಯೋ ತಪ್ಪೋ ಎಂದು ಕೇಳುವವರಾದರೂ ಯಾರು? ಎಲ್ಲ ಶಾಲೆಗಳೂ ತಲೆಬಾಗಿ ಪಾಲಿಸಿದವು.

ಇದೊಂದೂ ತಿಳಿಯದ ನಿವೇದಿತಾ ಆ ವರ್ಷ ದಾವಣಗೆರೆಯ ಹಳೇಪೇಟೆಯ ಶಾಲೆಯೊಂದಕ್ಕೆ ಸನ್ಮಾನಕ್ಕೆಂದು ಬಂದರು. ಇಲಾಖೆಯ ನಿರ್ದೇಶಕ ಪ್ರಜ್ವಲ್ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, "ಇವತ್ತು ನಮ್ಮ ಒಬ್ಬೊಬ್ಬ ತಾಯಿಯೂ ಗಣಿತದ ಗುರು" ಎಂದು ಭಾಷಣ ಶುರುವಿಟ್ಟುಕೊಂಡರು. ಕೆಳಗೆ ಕುಳಿತಿದ್ದ ಹೆಂಗಸೊಬ್ಬಳು ತಟ್ಟನೆ ಎದ್ದು ನಿಂತಳು. ಹೆಸರು ರಕ್ಷಿತಾ, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಅವಳ ಸೆರಗನ್ನು ಹಿಡಿದೆಳೆದು ಕೂರಿಸಲು ಮಗಳು ಹೊನ್ನಿ ಒದ್ದಾಡುತ್ತಿದ್ದಳು.

"ನನ್ ಮಗಳು ಲೆಕ್ಕದಾಗೆ ಇಡೀ ತಾಲ್ಲೂಕಿಗೇ ಮೊದ್ಲು. ಸೀಟು ಯಾಕ್ ಸಿಗ್ಲಿಲ್ಲ ಅಂತ ಕೇಳಿದ್ರೆ ನಿಮ್ ಮನೇದು ಸೊನ್ನೆ ಅಂತಾರೆ. ಏನ್ರೀ ಸೊನ್ನೆ? ನಾವೇನ್ ಸತ್ತೋಗೀವಾ?"

"ಕೂತ್ಕೊಳ್ಳಮ್ಮಾ, ಆಮೇಲೆ ಮಾತಾಡಣ" ಎಂದು ಮುಖ್ಯೋಪಾಧ್ಯಾಯ ಯತೀಶ್ ಗದರಿದರು. ಬಡವನ ಕೋಪ ದವಡೆಗೆ ಮೂಲ ಎಂದು ಹೆದರಿಸಿಯೇ ಅಲ್ಲವೇ ಇಂಥವರನ್ನು ಯಾವತ್ತೂ ಕೂರಿಸಿರುವುದು? ರಕ್ಷಿತಾ ಕೂರಲಿಲ್ಲ. ನಿವೇದಿತಾ ಶಾಲನ್ನು ಕುರ್ಚಿಯ ಮೇಲಿಟ್ಟು ವೇದಿಕೆಯಿಂದ ಇಳಿದು ಬಂದು, "ನಡೀರಿ, ನಿಮ್ಮ ಮನೆಗೇ ಹೋಗೋಣ" ಎಂದರು. ನಿರ್ದೇಶಕರೂ ಮುಖ್ಯೋಪಾಧ್ಯಾಯರೂ ವಿಧಿಯಿಲ್ಲದೆ ಹಿಂದೆ ಹೊರಟರು.

ಮನೆ ದೂರವೇನಿರಲಿಲ್ಲ, ಶಾಲೆಗೆ ತಿರುಗುವ ಮೂಲೆಯಲ್ಲೇ ಇತ್ತು. ಒಳಗೆ ಕಾಲಿಟ್ಟ ನಿವೇದಿತಾ ನಾಲ್ಕೂ ಗೋಡೆ ನೋಡಿದರು. ಯಂತ್ರ ಕಾಣಲಿಲ್ಲ.

"ಎಲ್ಲಿಟ್ಟಿದೀರಿ?"

"ಎಲ್ಲೆಲ್ಲೋ ಇಡಕ್ಕಾಗ್ತದಾ ಮೇಡಂ?" ಎನ್ನುತ್ತ ರಕ್ಷಿತಾ ದೇವರ ಗೂಡಿನ ಬಾಗಿಲು ತೆರೆದಳು. ಯಲ್ಲಮ್ಮನ ಪಟದ ಪಕ್ಕ, ಉಲ್ಲನ್ನಿನಲ್ಲಿ ಹೆಣೆದ ಹೂವಿನ ಕವರು ಹೊದ್ದು, ತಲೆ ಮೇಲೆ ಚೆಂಡು ಹೂವು ಇಟ್ಟುಕೊಂಡು ಗಣಿತಮಿತ್ರ ಕುಳಿತಿತ್ತು. ಕವರು ಸರಿಸಿದರೆ ಒಳಗೆ ಪೆಟ್ಟಿಗೆಯೊಂದಿಗೆ ಬಂದ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇತ್ತು, ಅದರ ಮೇಲೆ ದಪ್ಪಗೆ ವಿಭೂತಿ, ಕುಂಕುಮ. ಬೆಳಕಿನ ಕೋಶಕ್ಕೆ ಒಂದು ಎಳೆ ಬೆಳಕೂ ತಾಗಿರಲಿಲ್ಲ. ಯಂತ್ರ ಬಂದ ದಿನದಿಂದ ಒಮ್ಮೆಯೂ ಕಣ್ಣು ಬಿಟ್ಟಿರಲಿಲ್ಲ.

"ಕೊಡುವಾಗ ನಿಮ್ ಮಗಳ ಭವಿಷ್ಯ ಇದ್ರಾಗೈತೆ ಅಂದ್ರು. ಧೂಳು ಕೂತು ಕೆಟ್ರೆ ಏನ್ ಗತಿ ಅಂತ ಹಾಳೆ ತೆಗೀಲಿಲ್ಲ. ಭಾಗವಹಿಕೆ ಸಾಲದು ಅಂತ ಮೊಬೈಲಿಗೆ ಬಂದಾಗೆಲ್ಲ ನಾನು, ನಮ್ಮತ್ತೆ, ಹೊನ್ನಿ ಮೂರೂ ಜನ ಇದ್ರ ಮುಂದೆ ಕುಂತು ಜೋರಾಗಿ ಮಗ್ಗಿ ಹೇಳೀವಿ. ಪಾಪ, ನಮ್ಮತ್ತೆಗೆ ಒಂದ್ ಹಲ್ಲೂ ಇಲ್ಲ, ಆದ್ರೂ ಎರಡೊಂದ್ಲ ಎರಡು ಅಂತ ಶುರು ಮಾಡ್ತಿದ್ಲು."

ನಿರ್ದೇಶಕರು ಕಿಸಕ್ಕನೆ ನಕ್ಕರು.

"ನಗಬೇಡಿ!" ನಿವೇದಿತಾ ಅವರತ್ತ ತಿರುಗಿದರು. "ಈ ಮನೆಯಿಂದ ಸಂಖ್ಯೆಯೇ ಬಂದಿಲ್ಲ. ಆ ಜಾಗ ಖಾಲಿ ಇರಬೇಕಿತ್ತು. ಅಲ್ಲಿ ಸೊನ್ನೆ ತುಂಬಿದವರು ಯಾರು?"

"ಖಾಲಿ ಬಿಟ್ಟರೆ ವರದಿ ಚೆನ್ನಾಗಿ ಕಾಣೋದಿಲ್ಲ ಮೇಡಂ. ಅದಕ್ಕೇ ಎಲ್ಲಾ ಕಡೆ ಸೊನ್ನೆ ಹಾಕಿಸಿದ್ವಿ. ಅಷ್ಟಕ್ಕೂ ಹಾಳೆ ತೆಗೆಯಿರಿ ಅಂತ ಕೈಪಿಡಿಯಲ್ಲಿ ಬರೆದಿಲ್ವಾ?"

"ಅದನ್ನ ಇವರಿಗೆ ಹೇಳೋಕೆ ಯಾರು ಬಂದಿದ್ರು? ಅಳೆದು ನೋಡಿ ಏನೂ ಇಲ್ಲ ಅಂತ ಗೊತ್ತಾದರೆ ಮಾತ್ರ ಸೊನ್ನೆ. ನೀವು ಅಳೆದೇ ಇಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋಕೆ ನಾಚಿಕೆಯಾಗಿ ಈ ತಾಯಿಯ ಹಣೆಗೆ ಸೊನ್ನೆ ಬರೆದಿದೀರಿ. ಇನ್ನೂ ಎಷ್ಟು ಮನೆಗಳಿಗೆ ಹೀಗೆ ಬರೆದಿದೀರೋ!"

"ಇದೊಂದು ಕೇಸು ಸರಿ ಮಾಡಬಹುದಿತ್ತು, ಆದರೆ ಆಯ್ಕೆ ಮುಗಿದುಹೋಯ್ತು. ಸೀಟೆಲ್ಲ ಭರ್ತಿ" ಎಂದರು ನಿರ್ದೇಶಕರು, ಬಸ್ಸಿನಲ್ಲಿ ಜಾಗವಿಲ್ಲ ಎನ್ನುವಷ್ಟು ಸಲೀಸಾಗಿ. ಏಳನೆಯ ತರಗತಿ ಮುಗಿಸಿದ ಮಕ್ಕಳಿಗೆ ಆ ಶಾಲೆಯ ಬಾಗಿಲು ತೆರೆಯುವುದು ಒಂದೇ ಸಲ. ಹೊನ್ನಿಗೆ ಅದು ಮುಚ್ಚಿಯಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ ತಾನೆ? ನಿದ್ದೆ ಹೋಗಿದ್ದು ಯಂತ್ರ, ಕಣ್ಣು ಮುಚ್ಚಿಕೊಂಡಿದ್ದು ಇಲಾಖೆ, ಸುಟ್ಟುಹೋದದ್ದು ಈ ಹುಡುಗಿಯ ಓದು. ಹೊನ್ನಿ ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯ ಮಗ್ಗುಲಿಗೆ ಹೋಗಿ ಕುಳಿತು, ಮುಖವನ್ನು ಅವಳ ತೋಳಿಗೆ ಒತ್ತಿಕೊಂಡಳು.

ನಿವೇದಿತಾ ಅವಳ ಕಡೆ ನೋಡಲಾರದೆ ಹೋದರು. ಯಂತ್ರದ ಹಕ್ಕು ಇನ್ನೂ ಅವರದೇ ಆಗಿತ್ತು. ಅಲ್ಲೇ ನೆಲದ ಮೇಲೆ ಕುಳಿತು ಪ್ರಯೋಗಾಲಯಕ್ಕೆ ಫೋನು ಮಾಡಿ, ಶಾಲೆಗೆ ಸಂಖ್ಯೆ ಕಳಿಸುವ ಭಾಗವನ್ನು ಎಲ್ಲ ಗಣಿತಮಿತ್ರಗಳಿಂದಲೂ ಇವತ್ತೇ ಅಳಿಸಿಹಾಕಿ ಎಂದರು. ಪ್ರಶ್ನೆ ಕೇಳುವುದನ್ನು ಅವು ಮುಂದುವರಿಸಲಿ, ಆದರೆ ಯಾವ ಮನೆಯ ಸುದ್ದಿಯನ್ನೂ ಇನ್ನು ಮುಂದೆ ಯಾರಿಗೂ ಹೇಳಬಾರದು.

ನಿರ್ದೇಶಕರಿಗೆ ಈಗ ದಿಗಿಲಾಯಿತು. "ಅಯ್ಯೋ, ಹಾಗೆ ಮಾಡಿದ್ರೆ ಹೇಗೆ ಮೇಡಂ? ಯಾವ ಮನೇಲಿ ಮಕ್ಕಳ ಲೆಕ್ಕದ ಬಗ್ಗೆ ಯಾರು ತಲೆ ಕೆಡಿಸ್ಕೊಂಡಿದಾರೆ ಅಂತ ಶಾಲೆಗೆ ತಿಳಿಯೋದಾದ್ರೂ ಹೇಗೆ?"

ಉತ್ತರ ಕೊಟ್ಟವಳು ರಕ್ಷಿತಾ. ಕೊಟ್ಟದ್ದು ನಿರ್ದೇಶಕರಿಗಲ್ಲ, ಬಾಗಿಲಲ್ಲೇ ನಿಂತಿದ್ದ ಯತೀಶರಿಗೆ.

"ದಿನಾ ಬೆಳಿಗ್ಗೆ ನಮ್ಮನೆ ಮುಂದೇ ಹಾದು ಸ್ಕೂಲಿಗೆ ಹೋಗ್ತೀರಲ್ಲ ಸಾರ್. ಒಂದಿನ ಒಳಗ್ ಬಂದು, ಏನಮ್ಮ ರಕ್ಷಿತಾ, ಹೆಂಗಿದೀರಿ ಅಂದಿದ್ರೆ ಆಗ್ತಿತ್ತಲ್ಲ?"

ಯತೀಶರು ಚಪ್ಪಲಿ ಬಿಟ್ಟು ಒಳಗೆ ಬಂದರು. ಕೂರಿ ಎಂದು ಅವರಿಗೆ ಯಾರೂ ಹೇಳಲಿಲ್ಲ.

ಗಣಿತಮಿತ್ರ ಇನ್ನೂ ಹುಟ್ಟಿಲ್ಲ, ಅದಕ್ಕೆ ದಶಕಗಳು ಬೇಕು. ಆದರೆ ಈ ವಾರವೇ ಎಲ್ಲೋ ಒಂದು ಶಾಲೆಯಲ್ಲಿ ಪೋಷಕರ ಸಭೆ ನಡೆಯುತ್ತದೆ. ಅದಕ್ಕೆ ಬಾರದ ತಾಯಿಗೆ ಭಟ್ಟಿಯಲ್ಲಿ ರಜೆ ಸಿಗಲಿಲ್ಲವೋ, ಮೇಷ್ಟರ ಎದುರು ಏನು ಮಾತಾಡುವುದೆಂದು ಅಂಜಿದಳೋ ಯಾರೂ ವಿಚಾರಿಸುವುದಿಲ್ಲ. "ಇವರಿಗೆಲ್ಲ ಮಕ್ಕಳ ಓದಿನ ಮೇಲೆ ಆಸಕ್ತಿಯೇ ಇಲ್ಲ ಬಿಡ್ರೀ" ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಅನ್ನುತ್ತಾರೆ, ಅಷ್ಟರಲ್ಲಿ ಚಹಾ ಬರುತ್ತದೆ, ಮಾತು ಬೇರೆ ಕಡೆಗೆ ಹೊರಳುತ್ತದೆ. ಮರುದಿನ ಆ ತಾಯಿಯ ಮಗು ಶಾಲೆಗೆ ಬಂದು, ತಾನಾಗಿಯೇ ಹಿಂದಿನ ಬೆಂಚಿಗೆ ಹೋಗಿ ಕೂರುತ್ತದೆ.