ಹೊಲದ ಬದುವಿನ ಗುರುತು

ಫೋಟೊ ನೋಡಿ ಊರು, ಇಸವಿ ಊಹಿಸುವ ಆಟವೊಂದಿದೆ. ಎದುರಾಳಿ ಯಾರೆಂದು ಗೊತ್ತಾಗುವುದಿಲ್ಲ. ಮೊನ್ನೆ ಮಧ್ಯಾಹ್ನ ಫೋನಿನಲ್ಲಿ ಆಡುತ್ತಿದ್ದಾಗ ನಮ್ಮೂರು ಮುರುಮದ ನಮ್ಮ ಮನೆಯ ಪಡಸಾಲೆಯೇ ಬಂತು. ಹೂಮಾಲೆ ಹಾಕಿ ಕುರ್ಚಿಯಲ್ಲಿ ಕೂಡಿಸಿದ ಹಿರಿಯರು, ಸುತ್ತ ಮನೆಯವರು. ಬೇರೆಯವರಾದರೆ ಸನ್ಮಾನ ಎಂದುಕೊಂಡಾರು. ನಮ್ಮಲ್ಲಿ ಮಣ್ಣು ಮಾಡುವ ಮುಂಚೆ ಸತ್ತವರನ್ನು ಹೀಗೆ ಕೂಡಿಸಿ ಫೋಟೊ ತೆಗೆಸುವ ರೂಢಿ.

ಅತ್ತೆ ಲಲಿತಾಬಾಯಿ ಬಗ್ಗಿ ನೋಡಿದರು. “ಅಗಬಾಯಿ, ನಮ್ಮ ಮಾವನೋರು! ಈ ಫೋಟೊ ಟ್ರಂಕಿನ್ಯಾಗ ಅದ, ಮೀನಲ. ಹೊರಗ ಯಾರಿಗೂ ಕೊಟ್ಟಿಲ್ಲ.”

ನಾನು ಆಟದ ನಕಾಶೆಯಲ್ಲಿ ನಮ್ಮ ಮನೆಯ ಮೇಲೆ ಗುರುತಿಟ್ಟು, ಇಸವಿ 1984 ಎಂದು ಹಾಕಿದೆ. ಎರಡೂ ಸರಿಯಾದವು. ಆಮೇಲೆ ಎದುರಾಳಿಯ ಗುರುತು ಕಾಣಿಸಿತು. ಅದು ಮನೆಯ ಮೇಲಿರಲಿಲ್ಲ, ಊರಾಚೆ ನಮ್ಮ ಹೊಲದ ಬದುವಿನ ಪಕ್ಕದಲ್ಲಿತ್ತು. ಮೇ ತಿಂಗಳ ಬಿಸಿಲಿನಲ್ಲೂ ಫೋನು ಹಸಿ ಮಣ್ಣಿನ ಹಾಗೆ ತಣ್ಣಗಿತ್ತು.

ಅತ್ತೆ ಆ ಗುರುತಿನ ಮೇಲೆ ಬೆರಳಿಟ್ಟರು.

“ಅವರ್ನ ಅಲ್ಲೇ ಮಣ್ಣು ಮಾಡೀವಿ. ಮ್ಯಾಲ ಒಂದು ಕಲ್ಲೂ ಇಟ್ಟಿಲ್ಲ. ಆ ಜಾಗ ಗೊತ್ತಿದ್ದವ್ರಾಗ ಈಗ ಉಳಿದಾಕಿ ನಾ ಒಬ್ಬಾಕಿನೇ.”

ಎದುರಾಳಿ ಹಾಕಿದ್ದ ಇಸವಿಯನ್ನು ನಾನು ಅವರಿಗೆ ಓದಿ ಹೇಳಲಿಲ್ಲ. ಅದು ಈ ವರ್ಷದ್ದು.